ಮೇಣದ ಹಲ್ಲು

ಅತ್ತೆಗೆ ಸೊಸೆ ಹಲ್ಲು ಕಟ್ಟಿಕೊಡುತ್ತಾಳಂತೆ ಎಂದು ಕೇಳಿದವರೆಲ್ಲ ಮೊದಲು ನಗುತ್ತಿದ್ದರು. "ತುಂಬ ಚೂಪಾಗಿ ಮಾಡಬೇಡಮ್ಮ, ಮೊದಲು ಕಚ್ಚೋದು ನಿನ್ನನ್ನೇ" ಎಂದು ಪಕ್ಕದ ಮನೆಯ ದರ್ಜಿಯೂ ಒಂದು ಮಾತು ಎಸೆದ. ಸೊಸೆಗೆ ನಗು ಬರಲಿಲ್ಲ. ಸೋಮವಾರ ಹತ್ತಿರವಾಗುತ್ತಿತ್ತು. ಅಷ್ಟರೊಳಗೆ ಅತ್ತೆಯ ಬಾಯಲ್ಲಿ ಹಲ್ಲಿರಬೇಕು. ಬರೀ ಹಲ್ಲಿದ್ದರೆ ಸಾಲದು, ಮಾತೂ ಇರಬೇಕು. ಇಲ್ಲದಿದ್ದರೆ ಅತ್ತೆಯ ಕೈಯಿಂದ ಮೈಕು ಹೋಗುತ್ತಿತ್ತು.

ಮೈಕಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅತ್ತೆ ಬಸ್ ನಿಲ್ದಾಣದಲ್ಲಿ ಅನೌನ್ಸರ್. ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ, ಯಾವುದು ತಡ, ಯಾವ ಮಗು ತಾಯಿಯ ಕೈ ಬಿಡಿಸಿಕೊಂಡು ಬಂದು ವಿಚಾರಣೆ ಕಿಟಕಿಯ ಮುಂದೆ ಅಳುತ್ತಾ ನಿಂತಿದೆ, ಎಲ್ಲವನ್ನೂ ಆಕೆಯೇ ಹೇಳಬೇಕು. ಊರಿಗೆ ಆಕೆ ಮೈಕಮ್ಮ. ಆಕೆಯ ದನಿ ಗೊತ್ತಿಲ್ಲದವರು ಊರಲ್ಲಿಲ್ಲ, ಮುಖ ಗೊತ್ತಿದ್ದವರು ಕಡಿಮೆ. ಅದು ಆಕೆ ಬೇಕೆಂದೇ ಮಾಡಿಕೊಂಡದ್ದು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಒಂದು ಅಕ್ಕಿಕಾಳು ತೂರುವಷ್ಟು ಸಂದಿತ್ತು. ಶಾಲೆಯಲ್ಲಿ ಹುಡುಗಿಯರು ಆಕೆಯನ್ನು "ಗೇಟು" ಎಂದು ಕರೆದರು. ಅಂದಿನಿಂದ ಆಕೆ ನಗುವಾಗ ಅಂಗೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಕೆಲಸಕ್ಕೆ ಸೇರುವಾಗ ಟಿಕೆಟ್ ಕೌಂಟರೂ ಖಾಲಿ ಇತ್ತು, ಮೈಕಿನ ಗೂಡೂ ಖಾಲಿ ಇತ್ತು. ಯಾರೂ ಮುಖ ನೋಡದ ಗೂಡನ್ನೇ ಆಕೆ ಆರಿಸಿಕೊಂಡಳು.

ಅಂಥ ಬಾಯಿಗೆ ವಸಡಿನ ರೋಗ ಬಂತು. ಹಲ್ಲುಗಳು ಒಂದರ ಹಿಂದೊಂದು ಅಲುಗಾಡತೊಡಗಿದವು. ಡಾಕ್ಟರು ನೋಡಿ, "ಉಳಿಸಿಕೊಳ್ಳೋಕೆ ಏನೂ ಉಳಿದಿಲ್ಲಮ್ಮ" ಎಂದು ಎಲ್ಲವನ್ನೂ ಕಿತ್ತು ಹಾಕಿದರು. ಅತ್ತೆ ರಜೆ ಹಾಕಿ ಮನೆಯಲ್ಲಿ ಕುಳಿತಳು. ಅಷ್ಟರಲ್ಲಿ ನಿಲ್ದಾಣಕ್ಕೆ ಹೊಸ ಮ್ಯಾನೇಜರು ಬಂದಿದ್ದರು. ಕೆಟ್ಟ ಮನುಷ್ಯನೇನಲ್ಲ, ಫೋನಿನಲ್ಲಿ ಮರ್ಯಾದೆಯಿಂದಲೇ ಮಾತಾಡಿದರು. "ಸೋಮವಾರ ಬಂದು ಒಂದು ಸಲ ಹೇಳಿ ತೋರಿಸಿಬಿಡಿ ಅಮ್ಮ. ಸ್ಪಷ್ಟವಾಗಿದ್ರೆ ನೀವೇ ಮುಂದುವರೀರಿ. ಇಲ್ಲ ಅಂದ್ರೆ ನಿಮ್ಮನ್ನ ಕಳೆದುಹೋದ ಸಾಮಾನಿನ ಕೋಣೆಗೆ ಹಾಕ್ತೀನಿ. ಅಲ್ಲಿ ಮಾತಾಡೋ ಕೆಲಸವೇ ಇಲ್ಲ, ಆರಾಮ" ಎಂದರು.

ಅತ್ತೆ ಫೋನಿಟ್ಟು, "ಆರಾಮಂತೆ ಆರಾಮ. ಜನ ಮರೆತುಹೋದ ಛತ್ರಿಗಳ ಜೊತೆ ನನ್ನನ್ನೂ ಮೂಲೆಗೆ ನಿಲ್ಲಿಸ್ತಾನಂತೆ" ಎಂದಳು. ಹಲ್ಲಿಲ್ಲದ ಬಾಯಿಂದ ಅಷ್ಟು ಹೇಳುವ ಹೊತ್ತಿಗೆ ಗಲ್ಲದ ಮೇಲೆಲ್ಲ ಉಗುಳು. ಅದನ್ನು ಒರೆಸಿಕೊಳ್ಳುತ್ತಾ ಮುಖ ತಿರುಗಿಸಿಕೊಂಡಳು. 

ಸೊಸೆಯ ಕೆಲಸವೇ ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರ ಕ್ಲಿನಿಕ್ಕಿನ ಹಿಂದೆ ಅವಳದೊಂದು ಕೋಣೆ. ಒಂದು ಗ್ಯಾಸಿನ ಉರಿ, ಪ್ಲಾಸ್ಟರ್ ಪುಡಿಯ ಚೀಲ, ಗುಲಾಬಿ ಬಣ್ಣದ ಮೇಣದ ಹಾಳೆಗಳು, ಎರಡು ಹೋಳಾಗಿ ತೆರೆಯುವ ಹಿತ್ತಾಳೆಯ ಡಬ್ಬಿಗಳು, ಬಣ್ಣಬಣ್ಣದ ಬಿಳುಪಿನ ಹಲ್ಲುಗಳ ಪೆಟ್ಟಿಗೆ. ಬಿಳುಪಿನಲ್ಲಿ ಅಷ್ಟೊಂದು ಬಣ್ಣ ಇರುತ್ತದೆಂದು ಆ ಕೋಣೆಗೆ ಹೋದವರಿಗಷ್ಟೇ ಗೊತ್ತು. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಇವಳು ಮೊದಲು ಮೇಣದಲ್ಲಿ ಹಲ್ಲು ಕೂರಿಸುತ್ತಾಳೆ. ಅದು ಬಾಯಿಗೆ ಸರಿ ಹೊಂದಿತೆಂದರೆ ಪ್ಲಾಸ್ಟರಿನೊಳಗೆ ಹೂತು, ಮೇಣವನ್ನು ಕುದಿಸಿ ತೆಗೆದು, ಅದರ ಜಾಗಕ್ಕೆ ವಸಡಿನ ಬಣ್ಣದ ಪ್ಲಾಸ್ಟಿಕ್ಕಿನ ಗುಲಾಬಿ ಪುಡಿಯನ್ನು ಕಲಸಿ ತುಂಬಿ ಬೇಯಿಸುತ್ತಾಳೆ. ಕೈ ಬಲು ಅಚ್ಚುಕಟ್ಟು. ಅವಳು ಕೂರಿಸಿದ ಹಲ್ಲಿನ ಸಾಲು ಗೆರೆ ಎಳೆದಂತೆ ಇರುತ್ತದೆ, ಅದು ಅವಳಿಗೂ ಗೊತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತು.

"ನನಗೇನೂ ಬೇಡ ಕಣೇ, ಈ ಸಲವಾದ್ರೂ ಹಲ್ಲು ಸಾಲಾಗಿರಲಿ. ಆ ದರಿದ್ರ ಸಂದು ಬೇಡ" ಎಂದಿದ್ದಳು ಅತ್ತೆ.

"ಅದನ್ನ ನನಗೆ ಹೇಳಬೇಕಾ?" ಎಂದಿದ್ದಳು ಸೊಸೆ.

ಮೇಣದ ಸೆಟ್ಟನ್ನು ಮನೆಗೆ ತರುವ ಪದ್ಧತಿ ಇಲ್ಲ. ಕ್ಲಿನಿಕ್ಕಿನ ಕುರ್ಚಿಯಲ್ಲೇ ಹಾಕಿ ನೋಡಿ ವಾಪಸು ತೆಗೆಯಬೇಕು. ಆದರೆ ಅತ್ತೆಗೆ ಮಾತಾಡಿ ಮಾತಾಡಿ ನೋಡಲು ಸಮಯ ಬೇಕಾಗಿತ್ತು, ಡಾಕ್ಟರೂ ತಲೆಯಾಡಿಸಿದರು. ಗುರುವಾರ ಸಂಜೆ ಸೊಸೆ ಅದನ್ನು ನೀರು ತುಂಬಿದ ಡಬ್ಬಿಯಲ್ಲಿಟ್ಟು ಮನೆಗೆ ತಂದಳು. ಅತ್ತೆ ಬಾಯಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಎಡಕ್ಕೆ ತಿರುಗಿ ನೋಡಿದಳು, ಬಲಕ್ಕೆ ತಿರುಗಿ ನೋಡಿದಳು. ಆಮೇಲೆ ಹಲ್ಲು ಬಿಟ್ಟು ನಕ್ಕಳು. ಅಂಗೈ ಅರ್ಧ ದಾರಿಗೆ ಬಂದು, ಕೆಲಸವಿಲ್ಲವೆಂದು ತಿಳಿದು, ಕೆಳಗಿಳಿಯಿತು.

"ನೋಡೋ, ನಿನ್ನ ಅಮ್ಮ ಹೇಗಿದ್ದಾಳೆ!" ಎಂದು ಮಗನನ್ನು ಕೂಗಿದಳು. ಮಗ ಬಂದು, "ಯಾರೋ ದೊಡ್ಡ ಆಫೀಸರ್ ಬಂದಿದ್ದಾರೆ ಅಂದ್ಕೊಂಡೆ" ಎಂದ. ಅತ್ತೆಗೆ ಇನ್ನಷ್ಟು ನಗು.

"ಹುಷಾರು ಅತ್ತೆ, ಇದು ಇನ್ನೂ ಮೇಣ" ಎಂದಳು ಸೊಸೆ. "ಮಾತಾಡಿ, ಅಗಿಯಬೇಡಿ. ಬಿಸಿದಂತೂ ಬಾಯಿಗೆ ತಾಕಿಸಲೇಬಾರದು."

"ತಾಕಿಸಿದ್ರೆ ಕೆಟ್ಟುಹೋಗುತ್ತಾ?"

"ಕೆಡಲ್ಲ, ಕರಗುತ್ತೆ. ಮೇಣ ಕರಗಿದ್ರೂ ಮೇಣವೇ. ಬೆಣ್ಣೆ ಕರಗುತ್ತೆ, ತಣ್ಣಗಾದ್ರೆ ಮತ್ತೆ ಗಟ್ಟಿ ಆಗುತ್ತೆ. ಐಸು ನೀರಾಗುತ್ತೆ, ಮತ್ತೆ ಐಸಾಗುತ್ತೆ. ಇದೂ ಹಾಗೇ. ಎಷ್ಟು ಸಲ ಬೇಕಾದ್ರೂ ಬದಲಾಯಿಸಬಹುದು. ಆಮೇಲೆ ಗುಲಾಬಿ ಪುಡಿ ಹಾಕಿ ಬೇಯಿಸ್ತೀನಲ್ಲ, ಅದು ಬೇರೆ ಲೆಕ್ಕ. ಅದು ಮೊಟ್ಟೆ ಬೇಯಿಸಿದ ಹಾಗೆ. ಬೆಂದ ಮೊಟ್ಟೇನ ಫ್ರಿಜ್ಜಲ್ಲಿಟ್ರೆ ಮತ್ತೆ ಹಸಿ ಆಗುತ್ತಾ?"

ಅತ್ತೆ ಸುಮ್ಮನೆ ಒಪ್ಪುವವಳಲ್ಲ. "ಹಾಗಾದ್ರೆ ಟೀಗೆ ಹಾಕಿದ ಸಕ್ಕರೆ? ಅದು ಮಾಯವೇ ಆಗಿಹೋಗುತ್ತಲ್ಲ."

"ಎಲ್ಲಿ ಮಾಯ ಆಯ್ತು? ಸಿಹಿ ಇದೆಯಲ್ಲ. ಸಕ್ಕರೆ ನೀರನ್ನ ಬಿಸಿಲಿಗೆ ಆರಿಸಿಡಿ, ತಳದಲ್ಲಿ ಸಕ್ಕರೆ ಸಿಗುತ್ತೆ. ಅದೇ ಬಾಣಲೆಯಲ್ಲಿ ಹಾಕಿ ಕರ್ರಗೆ ಸುಟ್ರೆ ಸಕ್ಕರೆ ಹೋಯಿತು, ಅದು ಬರೀ ಕರಿ."

"ಅಲ್ಲಿಗೆ, ತಿರುಗಿ ಬರೋದು ಒಂದು ಥರ, ಬಾರದ್ದು ಇನ್ನೊಂದು ಥರ."

"ಅಷ್ಟು ಸಲೀಸಲ್ಲ ಅತ್ತೆ. ಕಾಗದ ಹರಿದು ಚೂರು ಮಾಡಿದ್ರೆ ಮತ್ತೆ ಮೊದಲಿನ ಹಾಗಾಗುತ್ತಾ? ಆಗಲ್ಲ. ಆದ್ರೂ ಒಂದೊಂದು ಚೂರೂ ಕಾಗದವೇ. ಸುಟ್ರೆ ಬೂದಿ. ಬೂದಿ ಕಾಗದವಲ್ಲ. ವಸ್ತು ಅದೇ ಇದೆಯಾ, ಬೇರೆಯದೇ ಆಯ್ತಾ, ಅದನ್ನ ನೋಡಬೇಕು."

"ಅಯ್ಯೋ ಮಾರಾಯ್ತಿ, ಹಲ್ಲು ಕೇಳಿದ್ರೆ ಪಾಠ ಹೇಳ್ತಾಳೆ" ಎಂದು ಅತ್ತೆ ಗಂಟಲು ಸರಿಮಾಡಿಕೊಂಡಳು. ಬೆನ್ನು ನೆಟ್ಟಗಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೈಯಲ್ಲಿ ಮೈಕಿದ್ದಂತೆ ಮುಷ್ಟಿ ಹಿಡಿದು ಹೇಳಿದಳು:

"ಪ್ರಯಾಣಿಕರ ಗಮನಕ್ಕೆ. ಆಶ್ಪತ್ರೆ, ಶೇತುವೆ, ಶಕ್ಕರೆ ಕಾರ್ಖಾನೆ ಮಾರ್ಗವಾಗಿ ಹೋಗುವ ಬಶ್ಶು..."

ನಿಂತುಬಿಟ್ಟಳು. ಮತ್ತೆ ಹೇಳಿದಳು. ಮತ್ತೆ ಅದೇ ಶೇತುವೆ, ಅದೇ ಬಶ್ಶು. ಜೊತೆಗೆ ಕುಕ್ಕರಿನಿಂದ ಹಬೆ ಸೋರುವಂತೆ ಸಣ್ಣಗೆ ಒಂದು ಸೀಟಿ. ಮಗ ನಗಲು ಹೋಗಿ, ಹೆಂಡತಿಯ ಕಣ್ಣು ನೋಡಿ, ನಗುವನ್ನು ನುಂಗಿಕೊಂಡು ಹೊರಗೆ ಹೋದ.

ಅಂದು ರಾತ್ರಿಯೂ, ಮರುದಿನ ಬೆಳಿಗ್ಗೆಯೂ ಅತ್ತೆ ಅದನ್ನೇ ಹೇಳುತ್ತಿದ್ದಳು. ಸೊಸೆ ಡಾಕ್ಟರನ್ನು ಕೇಳಿದಳು. "ಹೊಸ ಹಲ್ಲಲ್ವಾ, ನಾಲಿಗೆ ಪಳಗಬೇಕು. ಕೆಲವರಿಗೆ ತಿಂಗಳು ಹಿಡಿಯುತ್ತೆ" ಎಂದರು ಅವರು. ತಿಂಗಳು! ಸೋಮವಾರಕ್ಕೆ ಉಳಿದಿದ್ದದ್ದು ಮೂರೇ ದಿನ. ಸೊಸೆ ದಿನವಿಡೀ ಯಾರ್ಯಾರದೋ ಸೆಟ್ಟು ಉಜ್ಜುತ್ತಾ, ಮನಸ್ಸಿನಲ್ಲೇ ಅತ್ತೆಯನ್ನು ಛತ್ರಿಗಳ ನಡುವೆ ಕೂರಿಸಿ ನೋಡುತ್ತಿದ್ದಳು. ಮಾತು ನಿಂತರೆ ಆ ಹೆಂಗಸು ಬದುಕುವುದಿಲ್ಲ ಎಂದೇ ಅವಳಿಗೆ ಅನ್ನಿಸಿತು.

ಶುಕ್ರವಾರ ಸಂಜೆ ಅವಳು ಮನೆಯ ಬಾಗಿಲಿಗೆ ಬಂದಾಗ ಒಳಗಿನಿಂದ ಆ ದನಿ ಕೇಳಿಸಿತು. "ಆಸ್ಪತ್ರೆ, ಸೇತುವೆ, ಸಕ್ಕರೆ ಕಾರ್ಖಾನೆ ಮಾರ್ಗವಾಗಿ ಹೋಗುವ ಬಸ್ಸು..." ಒಂದೊಂದು ಅಕ್ಷರವೂ ಬಿಡಿಬಿಡಿ, ತೊಳೆದಿಟ್ಟ ಪಾತ್ರೆಯ ಹಾಗೆ. ಅದೇ ಹಳೆಯ ದನಿ. ಸೊಸೆ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದಳು.

"ಅತ್ತೆ! ಬಂತಲ್ಲಾ!"

ಅತ್ತೆ ಥಟ್ಟನೆ ಬಾಯಿ ಮುಚ್ಚಿಕೊಂಡಳು. ಸೆಟ್ಟನ್ನು ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ಹ್ಞೂಂ, ಬಂತು. ತಗೊಂಡು ಹೋಗಿ ಬೇಯಿಸು" ಎಂದವಳು, ಯಾಕೋ ಸೊಸೆಯ ಮುಖ ನೋಡದೆ ದೇವರಿಗೆ ದೀಪ ಹಚ್ಚಲು ಎದ್ದು ಹೋದಳು. ನಾಲಿಗೆ ಪಳಗಿತು ಎಂದುಕೊಂಡು ಸೊಸೆ ಹಿಗ್ಗಿದಳು. ಡಬ್ಬಿಯ ಮುಚ್ಚಳ ತೆರೆದು ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಶನಿವಾರ ಬೆಳಿಗ್ಗೆ ಲ್ಯಾಬಿನಲ್ಲಿ ತೆರೆದಳು. ನೀರಿಗೆ ಸಣ್ಣಗೆ ಟೀ ವಾಸನೆ. ಮೇಣದ ಮುಂಭಾಗ ಸ್ವಲ್ಪ ಇಳಿದಿತ್ತು, ಮುಂದಿನ ಎರಡು ಹಲ್ಲುಗಳು ಒಂದನ್ನೊಂದು ಬಿಟ್ಟು ಅತ್ತ ಇತ್ತ ವಾಲಿದ್ದವು.

"ಅಯ್ಯೋ ಅತ್ತೆ, ಕುಡಿದೇ ಬಿಟ್ರಲ್ಲ ನೀವು" ಎಂದು ಅವಳು ತನ್ನಷ್ಟಕ್ಕೆ ನಕ್ಕಳು. ನಿನ್ನೆ ಮುಖ ತಪ್ಪಿಸಿದ್ದು ಇದಕ್ಕೇ ಎಂದು ಅರ್ಥವಾಯಿತು. ಸಿಟ್ಟೇನೂ ಬರಲಿಲ್ಲ. ಮೇಣ ತಾನೇ! ಚಾಕುವನ್ನು ಉರಿಗೆ ಹಿಡಿದು, ಬಿಸಿ ತಾಕಿಸಿ, ಹೆಬ್ಬೆರಳಿನಿಂದ ಎರಡೂ ಹಲ್ಲುಗಳನ್ನು ಒತ್ತಿ ಕೂಡಿಸಿದಳು. ಸುತ್ತಲಿನ ಮೇಣ ನಯವಾಗಿ ಮುಚ್ಚಿಕೊಂಡಿತು. ಮತ್ತೆ ಗೆರೆ ಎಳೆದಂಥ ಸಾಲು. ಇಷ್ಟಕ್ಕೆ ಅವಳು ತಲೆ ಓಡಿಸಲೂ ಇಲ್ಲ. ಕೆದರಿದ ಕೂದಲನ್ನು ಕಂಡರೆ ಕೈ ಹೇಗೆ ಸರಿಮಾಡುತ್ತದೋ ಹಾಗೆ ಮಾಡಿ ಮುಗಿಸಿದಳು.

ಆಮೇಲೆ ಪ್ಲಾಸ್ಟರ್ ಕಲಸಿ, ಹಿತ್ತಾಳೆಯ ಡಬ್ಬಿಯೊಳಗೆ ಸೆಟ್ಟನ್ನು ಹೂತಳು. ಪ್ಲಾಸ್ಟರ್ ಗಟ್ಟಿಯಾಗುವಾಗ ಒಲೆಯಿಲ್ಲದೆ ತಾನೇ ಬಿಸಿಯಾಗುತ್ತದೆ. ಡಬ್ಬಿಯ ಮೇಲೆ ಅಂಗೈ ಇಟ್ಟು, ಆ ಬಿಸಿ ಏರಿ ಇಳಿಯುವವರೆಗೆ ಕಾಯುವುದು ಅವಳ ರೂಢಿ. ಇಳಿಯಿತೆಂದರೆ ಅದು ಪುಡಿಯೂ ಅಲ್ಲ, ಹಿಟ್ಟೂ ಅಲ್ಲ, ಕಲ್ಲು. ಅದನ್ನು ಕುಟ್ಟಿ ಪುಡಿಮಾಡಿ ಮತ್ತೆ ನೀರು ಹಾಕಿದರೂ ಕೂಡಿಕೊಳ್ಳುವುದಿಲ್ಲ. ಬಿಸಿ ಇಳಿದ ಮೇಲೆ ಡಬ್ಬಿಯನ್ನು ಕುದಿಯುವ ನೀರಿಗೆ ಇಳಿಸಿ, ತೆರೆದು, ಕರಗಿದ ಮೇಣವನ್ನು ಬಸಿದಳು. ಪ್ಲಾಸ್ಟರಿನಲ್ಲಿ ಹಲ್ಲುಗಳು ಮಾತ್ರ ಕಚ್ಚಿ ಕುಳಿತಿದ್ದವು. ಇನ್ನು ಗುಲಾಬಿ ಪುಡಿಗೆ ದ್ರವ ಸುರಿದು ಕಲಸಬೇಕು, ತುಂಬಬೇಕು, ಬೇಯಿಸಬೇಕು.

ಅಷ್ಟರಲ್ಲಿ ಗಂಡ ಊಟದ ಡಬ್ಬಿ ಹಿಡಿದುಕೊಂಡು ಬಂದ.

"ಅಮ್ಮನಿಗೆ ಬೈದೆಯಾ?" ಎಂದು ಕೇಳಿದ.

"ಟೀ ಕುಡಿದಿದ್ದಕ್ಕಾ? ಇಲ್ಲ. ಸರಿಮಾಡಿದೆ."

"ಅಬ್ಬ! ನಿನಗೆ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸಿಕೊಂಡಿದ್ರು. ಪಾಪ, ಮಧ್ಯಾಹ್ನ ಪೂರ್ತಿ ಹೇಳಿ ಹೇಳಿ ಸುಸ್ತಾದ್ರು ಕಣೇ. ಬರೀ ಶೇತುವೆ, ಬಶ್ಶು. ಅಳೋ ಹಾಗಾಗಿದ್ರು. ನಾನೇ ಒಂದು ಲೋಟ ಟೀ ಮಾಡಿಕೊಟ್ಟೆ, ಹಲ್ಲು ತೆಗೆಯೋದು ಮರೆತು ಕುಡಿದುಬಿಟ್ರು. ಬಾಯಿ ಸುಟ್ಟು, ಹಲ್ಲು ಸಡಿಲ ಆಯ್ತು ಅಂತ ಗಾಬರಿಯಲ್ಲಿ ಏನೋ ಕೂಗಿದ್ರು ನೋಡು, ಅದು ಸರಿಯಾಗಿ ಬಂತು. ಆಮೇಲೆ ಶುರು ಮಾಡಿದೋರು ನೀನು ಬರೋವರೆಗೂ ನಿಲ್ಲಿಸಲೇ ಇಲ್ಲ."

ಸೊಸೆಯ ಕೈಯಲ್ಲಿದ್ದ ದ್ರವದ ಬಾಟಲಿ ಹಾಗೇ ನಿಂತಿತು.

"ಟೀ ಕುಡಿದ ಮೇಲೆ ಬಂತಾ? ಮೊದಲಲ್ಲ?"

"ಮೊದಲೆಲ್ಲಿ ಬಂತು? ಆಮೇಲೇ."

ಅವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ನಾಲಿಗೆ ಪಳಗಿರಲೇ ಇಲ್ಲ. ಚಿಕ್ಕಂದಿನಿಂದ ಗಾಳಿ ಹೋಗುತ್ತಿದ್ದ ಸಂದನ್ನು ಇವಳು ಅಂದವಾಗಿ ಮುಚ್ಚಿಬಿಟ್ಟಿದ್ದಳು. ಬಿಸಿ ಟೀ ಅದನ್ನು ಮತ್ತೆ ತೆರೆದಿತ್ತು. ಇವಳು ಬೆಳಿಗ್ಗೆ ಬಂದವಳೇ ಇನ್ನೊಮ್ಮೆ ಮುಚ್ಚಿದ್ದಳು. ಆ ಹಲ್ಲುಗಳು ಎಷ್ಟು ಸರಿದಿದ್ದವು, ಯಾವ ಕಡೆಗೆ ವಾಲಿದ್ದವು? ಅಳೆದಿರಲಿಲ್ಲ. ಸರಿಯಾಗಿ ನೋಡಿರಲೂ ಇಲ್ಲ. ಮೇಣ ಏನೂ ಕೆಟ್ಟಿರಲಿಲ್ಲ, ಬಸಿದ ಪಾತ್ರೆಯಲ್ಲಿ ಅಷ್ಟೂ ಮೇಣ ಹಾಗೇ ಇತ್ತು. ಆದರೆ ಅದಕ್ಕೆ ನಿನ್ನೆಯ ಆಕಾರ ನೆನಪಿರಲಿಲ್ಲ. ಕರಗುವುದಕ್ಕೆ ಹೆದರಬೇಕಿಲ್ಲ, ಬೇಯುವುದಕ್ಕೆ ಹೆದರಬೇಕು ಎಂದು ಇಷ್ಟು ವರ್ಷ ನಂಬಿದ್ದವಳು ಅವಳು. ವಸ್ತು ಉಳಿದರೆ ಎಲ್ಲವೂ ಉಳಿಯಿತು ಎಂದುಕೊಂಡಿದ್ದಳು. ಬೇಕಾಗಿದ್ದದ್ದು ವಸ್ತುವಲ್ಲ, ಆ ಅಕ್ಕಿಕಾಳಿನಷ್ಟು ಜಾಗ. ಅದು ಅವಳ ಹೆಬ್ಬೆರಳಿನ ಕೆಳಗೇ ಹೋಗಿಬಿಟ್ಟಿತ್ತು. ಅವಳಿಗೆ ಅಳು ಬಂತು. ಗಂಡನ ಮುಂದೆ ಅಳಲು ನಾಚಿಕೆಯಾಗದೆ ಅತ್ತಳು.

"ಬೇಯಿಸಿಲ್ಲ ತಾನೇ?" ಎಂದ ಗಂಡ.

"ಬೇಯಿಸಿಲ್ಲ."

"ಮತ್ತೆ?"

ಅವಳು ಮೂಗು ಒರೆಸಿಕೊಂಡು ಎದ್ದಳು. ಸುತ್ತಿಗೆ ತೆಗೆದುಕೊಂಡು ಪ್ಲಾಸ್ಟರ್ ಒಡೆದಳು. ಚೂರುಗಳನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಿದಳು, ಅವು ಇನ್ನಾವ ಕೆಲಸಕ್ಕೂ ಬರುವಂತಿರಲಿಲ್ಲ. ಹಲ್ಲುಗಳನ್ನು ಒಂದೊಂದಾಗಿ ಕಿತ್ತು ತೊಳೆದಳು. ಅತ್ತೆಯ ವಸಡಿನ ಅಚ್ಚು ಕಪಾಟಿನಲ್ಲಿ ಇನ್ನೊಂದಿತ್ತು. ಅದರ ಮೇಲೆ ಹೊಸ ಮೇಣ ಹಾಸಿ ಮತ್ತೆ ಹಲ್ಲು ಕೂರಿಸಿದಳು. ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ಸಂಜೆ ಹೊರಡುವಾಗ ಒಂದು ಪೊಟ್ಟಣ ಪ್ಲಾಸ್ಟರ್ ಪುಡಿಯನ್ನೂ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದವಳೇ ಅತ್ತೆಯ ಮುಂದೆ ಸೆಟ್ಟನ್ನಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ತಲೆ ತಗ್ಗಿಸಿದಳು. "ಒಂದೇ ಗುಟುಕು ಕಣೇ. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

"ಹೇಳಿದ್ರೆ ಚೆನ್ನಾಗಿತ್ತು. ನಾನೂ ನೋಡಿದ್ರೆ ಚೆನ್ನಾಗಿತ್ತು. ಈಗ ಮತ್ತೆ ಕುಡೀರಿ."

"ಏನು?"

"ಟೀ. ಹಲ್ಲು ಹಾಕ್ಕೊಂಡು."

ಮಗ ಒಲೆಯ ಮುಂದೆ ನಿಂತ. ಮೊದಲ ಲೋಟ ಕುದಿ ಕುದಿ ಬಂತು. ಅತ್ತೆ ಗುಟುಕರಿಸಿದಳೋ ಇಲ್ಲವೋ, ಮುಂದಿನ ಒಂದು ಹಲ್ಲು ಸೀದಾ ಲೋಟದೊಳಗೆ ಬಿತ್ತು. ಅತ್ತೆ ಲೋಟ, ಮಗ, ಸೊಸೆ ಮೂವರನ್ನೂ ನೋಡಿ, "ಬಿಸ್ಕತ್ತು ಅದ್ದೋದು ಕೇಳಿದ್ದೆ" ಎಂದಳು. ಮೂವರೂ ಬಿದ್ದು ಬಿದ್ದು ನಕ್ಕರು. ಸೊಸೆ ಚಮಚದಿಂದ ಹಲ್ಲನ್ನು ಎತ್ತಿ ಮತ್ತೆ ಕೂರಿಸಿದಳು. ಎರಡನೆಯ ಸಲ ಟೀ ಆರಿಹೋಗಿತ್ತು, ಮೇಣ ಅಲ್ಲಾಡಲೇ ಇಲ್ಲ.

"ಟೀ ಅಲ್ಲ ಕಣೇ" ಎಂದಳು ಅತ್ತೆ, ಸ್ವಲ್ಪ ಹೊತ್ತು ಯೋಚಿಸಿ. "ಟೀ ಮೆತ್ತಗೆ ಮಾಡಿತು ಅಷ್ಟೆ. ತಳ್ಳಿದ್ದು ನನ್ನ ನಾಲಿಗೆ. ಬಾಯಿ ಸುಟ್ಟಾಗ ಕೂಗಿದೆನಲ್ಲ, ಆಗ ಅದು ಹೋಗಿ ಅಲ್ಲಿ ಗುದ್ದಿತು."

ಸೊಸೆ ಅತ್ತೆಯನ್ನೇ ನೋಡಿದಳು. ಆಮೇಲೆ ಬಿಸಿನೀರು ತರಿಸಿದಳು. ಬೆರಳು ಅದ್ದಿ ಹದ ನೋಡಿ, "ಬಾಯಿ ತುಂಬ ತಗೊಳ್ಳಿ, ನುಂಗಬೇಡಿ. ನಾನು ಅಂದ ತಕ್ಷಣ ಉಗುಳಿ ಹೇಳೋಕೆ ಶುರುಮಾಡಿ. ನಾನು ಸಾಕು ಅನ್ನೋವರೆಗೂ ನಿಲ್ಲಿಸಬೇಡಿ" ಎಂದಳು.

ಅತ್ತೆ ಕೆನ್ನೆ ಉಬ್ಬಿಸಿ ನಿಂತಳು. ಸೊಸೆ ಕೈ ತೋರಿಸಿದಳು. ನೀರು ಬಚ್ಚಲಿಗೆ ಹೋಯಿತು.

"ಪ್ರಯಾಣಿಕರ ಗಮನಕ್ಕೆ. ಆಶ್ಪತ್ರೆ, ಶೇತುವೆ, ಶಕ್ಕರೆ ಕಾರ್ಖಾನೆ..."

"ನಿಲ್ಲಿಸಬೇಡಿ!"

"ಆಶ್ಪತ್ರೆ, ಸೇತುವೆ, ಸಕ್ಕರೆ ಕಾರ್ಖಾನೆ ಮಾರ್ಗವಾಗಿ ಹೋಗುವ ಬಸ್ಸು... ಆಸ್ಪತ್ರೆ, ಸೇತುವೆ, ಸಕ್ಕರೆ ಕಾರ್ಖಾನೆ..."

ಸೊಸೆ ಹಾರಿ ಹೋಗಿ ಸೆಟ್ಟನ್ನು ಬಾಯಿಂದ ತೆಗೆದು ತಣ್ಣೀರಿಗೆ ಹಾಕಿದಳು. ಗಟ್ಟಿಯಾದ ಮೇಲೆ ಮತ್ತೆ ಹಾಕಿಸಿ ಇನ್ನೊಮ್ಮೆ ಹೇಳಿಸಿದಳು. ನಿಲ್ದಾಣದ ಎಲ್ಲ ಬಸ್ಸುಗಳೂ ಅಡುಗೆಮನೆಯಿಂದ ಸರಿಯಾಗಿ ಹೊರಟವು. ಒಂದರಲ್ಲೂ ಸೀಟಿ ಇರಲಿಲ್ಲ. ಮಗ ಚಪ್ಪಾಳೆ ಹೊಡೆದ.

ಸೊಸೆ ಪೊಟ್ಟಣ ಬಿಚ್ಚಿ ಬಟ್ಟಲಿಗೆ ಪ್ಲಾಸ್ಟರ್ ಪುಡಿ ಸುರಿದಳು. ಈ ಸಲ ಮೇಣವನ್ನು ನಂಬುವುದಿಲ್ಲ, ಹಲ್ಲುಗಳು ಇರುವ ಜಾಗವನ್ನು ಇಲ್ಲೇ ಕಲ್ಲಿನಲ್ಲಿ ಹಿಡಿಯಬೇಕು ಎಂದು ಬಂದಿದ್ದಳು. ನೀರು ಸುರಿಯಲು ಕೈ ಎತ್ತಿದವಳು ತಡೆದಳು.

"ಅತ್ತೆ, ಒಂದು ಸಲ ಕನ್ನಡಿ ನೋಡ್ಕೊಂಡು ಬನ್ನಿ."

ಅತ್ತೆ ಹೋದಳು. ಬಹಳ ಹೊತ್ತು ಬರಲಿಲ್ಲ. ಸೊಸೆ ಬಾಗಿಲಿಗೆ ಹೋಗಿ ನೋಡಿದಾಗ ಅತ್ತೆ ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು, ಮತ್ತೆ ತೆರೆಯುತ್ತಿದ್ದಳು. ಮುಂದಿನ ಎರಡು ಹಲ್ಲುಗಳ ನಡುವೆ ಆ ಕಪ್ಪು ಗೆರೆ. ಮೊದಲಿದ್ದ ಜಾಗದಲ್ಲೇ, ಹೆಚ್ಚುಕಡಿಮೆ ಮೊದಲಿದ್ದಷ್ಟೇ.

"ಗೇಟು ಬಂತಲ್ಲೇ ವಾಪಸು" ಎಂದಳು ಅತ್ತೆ.

"ಎರಡು ಸೆಟ್ಟು ಮಾಡಿಕೊಡ್ತೀನಿ ಅತ್ತೆ. ಹೊರಗೆ ಹೋಗೋವಾಗ ಒಂದು, ಮೈಕಿಗೆ ಒಂದು."

"ಬಾಯಿ ಒಂದೇ ಅಲ್ವೇನೇ? ಬೆಳಿಗ್ಗೆ ಒಂದು ಮನೆ, ಸಂಜೆ ಒಂದು ಮನೆ ಅಂದ್ರೆ ನಾಲಿಗೆ ಎಲ್ಲಿ ಅಂತ ಬಾಳುತ್ತೆ?" ಕನ್ನಡಿಯ ಮೇಲೆ ಬೆರಳಾಡಿಸಿದಳು. "ಒಂದು ದಿನ ಎಷ್ಟು ಚೆನ್ನಾಗಿದ್ದೆ. ಆ ದರ್ಜಿ ಮುಂದೆ ಹೋಗಿ ಸುಮ್ಮಸುಮ್ಮನೆ ನಕ್ಕು ಬಂದೆ ಗೊತ್ತಾ."

"ಈಗಲೂ ಚೆನ್ನಾಗಿದ್ದೀರಿ."

"ಸುಳ್ಳು ಹೇಳಬೇಡ, ನಿನಗೆ ಬರಲ್ಲ." ಅತ್ತೆಯ ಕಣ್ಣು ಒದ್ದೆಯಾಗಿತ್ತು. "ಬೆಂದ ಮೇಲೆ ಬದಲಾಯಿಸೋಕಾಗಲ್ಲ ಅಂದೆಯಲ್ಲ?"

"ಆಗಲ್ಲ."

"ಹಾಗಾದ್ರೆ ಬೇಗ ಕಲಸು. ಇನ್ನೂ ಸ್ವಲ್ಪ ಹೊತ್ತು ಕನ್ನಡಿ ಮುಂದೆ ನಿಂತ್ರೆ ನನ್ನ ಮನಸ್ಸು ಕರಗಿಹೋಗುತ್ತೆ" ಎಂದು ಸೆಟ್ಟನ್ನು ತೆಗೆದು ಸೊಸೆಯ ಅಂಗೈ ಮೇಲಿಟ್ಟಳು.

ಸೊಸೆ ಕಲಸಿದಳು. ಹಲ್ಲುಗಳ ಮೇಲೆ ಪ್ಲಾಸ್ಟರ್ ಒತ್ತಿ ಅಂಗೈಯಲ್ಲಿ ಹಿಡಿದು ನಿಂತಳು. ಅದು ಬೆಚ್ಚಗಾಯಿತು. ಅತ್ತೆಯೂ ಬೆರಳು ಚಾಚಿ ಮುಟ್ಟಿ ನೋಡಿ, ಹೋಗಿ ಮಲಗಿದಳು.

ಭಾನುವಾರ ಲ್ಯಾಬಿಗೆ ರಜೆ. ಸೊಸೆ ಬೀಗ ತೆಗೆಸಿಕೊಂಡು ಹೋಗಿ ಕೆಲಸ ಮುಗಿಸಿದಳು. ಗುಲಾಬಿ ಪುಡಿಗೆ ದ್ರವ ಸುರಿದಾಗ ಎದ್ದ ಘಾಟು ವಾಸನೆ, ಬೆಂದ ಮೇಲೆ ಇರಲಿಲ್ಲ. ಹಿಟ್ಟಿನಂತಿದ್ದದ್ದು ಉಗುರು ಊರದಷ್ಟು ಗಡುಸಾಗಿತ್ತು. ಉಜ್ಜಿ ಹೊಳಪು ಕೊಡುವಾಗ ಆ ಸಂದಿನ ಹತ್ತಿರ ಅವಳ ಕೈ ನಿಧಾನವಾಯಿತು. ಅವಳು ಮಾಡಿದ ಸೆಟ್ಟುಗಳಲ್ಲಿ ಇಷ್ಟು ವಕ್ರವಾದದ್ದು ಇನ್ನೊಂದಿರಲಿಲ್ಲ. ಮೂರು ಸಲ ತಿರುಗಿಸಿ ನೋಡಿ ಡಬ್ಬಿಗೆ ಹಾಕಿದಳು.

ಸೋಮವಾರ ಬೆಳಿಗ್ಗೆ ಅತ್ತೆಯನ್ನು ಬಸ್ ನಿಲ್ದಾಣಕ್ಕೆ ಕರೆತಂದದ್ದೂ ಅವಳೇ. ಮ್ಯಾನೇಜರು ನಮಸ್ಕಾರ ಹೇಳಿ ಅತ್ತೆಯನ್ನು ಗೂಡಿನೊಳಗೆ ಕರೆದುಕೊಂಡು ಹೋದರು. "ನೀವು ಹೊರಗಡೆ ಕೂತಿರಿ. ಸುಮ್ಮನೆ ಪರೀಕ್ಷೆ ಯಾಕೆ, ಹೊರಡೋ ಬಸ್ಸನ್ನೇ ಹೇಳಿಬಿಡಲಿ" ಎಂದು ಸೊಸೆಗೆ ಹೇಳಿ ಬಾಗಿಲು ಹಾಕಿಕೊಂಡರು.

ಸೊಸೆ ಕಾಯುವ ಬೆಂಚಿನ ತುದಿಯಲ್ಲಿ ಕುಳಿತಳು. ಪಕ್ಕದಲ್ಲೊಬ್ಬಳು ಮಗುವಿಗೆ ಬಾಳೆ ಹಣ್ಣು ಸುಲಿದು ಕೊಡುತ್ತಿದ್ದಳು. ಎದುರಿಗೆ ಒಬ್ಬ ಮುದುಕ ಔಷಧಿ ಚೀಲ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದ. ಇಬ್ಬರು ಹುಡುಗರು ಒಂದೇ ಫೋನಿನಲ್ಲಿ ಏನೋ ನೋಡಿ ನಗುತ್ತಿದ್ದರು.  ಮೇಲೆ ಸ್ಪೀಕರು ಒಮ್ಮೆ ಕರಕರ ಎಂದಿತು.

"ಪ್ರಯಾಣಿಕರ ಗಮನಕ್ಕೆ. ಆಸ್ಪತ್ರೆ, ಸೇತುವೆ, ಸಕ್ಕರೆ ಕಾರ್ಖಾನೆ ಮಾರ್ಗವಾಗಿ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ಸಿದ್ಧವಾಗಿದೆ. ಪ್ರಯಾಣಿಕರು ಸಾವಕಾಶವಾಗಿ ಹತ್ತಿ ಸಹಕರಿಸಬೇಕು."

ಯಾರೂ ತಲೆ ಎತ್ತಿ ನೋಡಲಿಲ್ಲ. ಯಾರೂ ಏನೆಂದು ಪಕ್ಕದವರನ್ನು ಕೇಳಲಿಲ್ಲ. ಮುದುಕ ಕಣ್ಣು ಬಿಟ್ಟು ಚೀಲ ಹೆಗಲಿಗೇರಿಸಿದ. ಬಾಳೆ ಹಣ್ಣಿನವಳು ಮಗುವನ್ನು ಎತ್ತಿಕೊಂಡಳು. ಹುಡುಗರು ಫೋನು ಜೇಬಿಗಿಟ್ಟು ಎದ್ದರು. ಎಲ್ಲರೂ ಸುಮ್ಮನೆ ಮೂರನೇ ಅಂಕಣದ ಕಡೆಗೆ ನಡೆದರು. ಸೊಸೆಯೂ ತನ್ನ ಚೀಲ ಎತ್ತಿಕೊಂಡು ಅವರ ಹಿಂದೆಯೇ ಹೋಗಿ ಸಾಲಿನಲ್ಲಿ ನಿಂತಳು, ಸಾಲು ಸರಿದಂತೆ ತಾನೂ ಸರಿದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಎಲ್ಲಿಗಮ್ಮ?" ಎಂದು ಕಂಡಕ್ಟರು ಕೇಳಿದಾಗಲೇ ಅವಳಿಗೆ ಎಚ್ಚರವಾದದ್ದು. ಅವಳು ಎಲ್ಲಿಗೂ ಹೋಗಬೇಕಾಗಿರಲಿಲ್ಲ.